ಸಾಂಕ್ರಾಮಿಕ ರೋಗದ ಕಾಲದಲ್ಲಿ ಮಕ್ಕಳನ್ನು ಸಂತೆಗೆ ಕರೆದೊಯ್ಯುವ ಮುನ್ನ

ಸಂತೆಗೆ ಹೊರಟ ತಾಯಿಯ ಸೆರಗು ಹಿಡಿದು ಕೂಸು ಅಳುವುದು ಎಲ್ಲ ಮನೆಗಳಲ್ಲಿಯೂ ಇರುವುದೇ. ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ಕರೆದುಕೊಂಡು ಹೋಗದೆ ಬೇರೆ ದಾರಿಯೂ ಇಲ್ಲ. ಕಿರವತ್ತಿ ಮತ್ತು ಸುತ್ತಲಿನ ಹಳ್ಳಿಗಳ ತಾಯಂದಿರು ಕಿರಾಣಿಗೆ ಯಲ್ಲಾಪುರಕ್ಕೋ, ಬಟ್ಟೆಬರೆಗೆ ಹುಬ್ಬಳ್ಳಿಗೋ ಹೋಗುವಾಗ ಚಿಕ್ಕ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬಸ್ಸು ಹತ್ತುತ್ತಾರೆ. ಕೊರೊನಾ ಬಂದಾಗ ಮಕ್ಕಳನ್ನು ಹೊರಗೆ ತರಬೇಡಿ ಎಂದು ಎಲ್ಲರೂ ಹೇಳಿದರು. ಯಾರ ಹತ್ತಿರ ಬಿಟ್ಟು ಬರಬೇಕು ಎಂಬುದನ್ನು ಹೇಳಿದವರು ಕಡಿಮೆ.

2020ರ ಮಾರ್ಚ್ 3ರಿಂದ 11ರವರೆಗೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ನಡೆಯಿತು. ಬಳೆ, ಬಲೂನು, ಆಟಿಕೆ ಎಂದು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಅಂಗಡಿ ಸುತ್ತಿದರು. ಜಾತ್ರೆ ಮುಗಿದ ಆ 11ನೇ ತಾರೀಖಿನಂದೇ ವಿಶ್ವ ಆರೋಗ್ಯ ಸಂಸ್ಥೆಯು ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಎರಡು ವಾರದೊಳಗೆ, ಮಾರ್ಚ್ 25ರಿಂದ, ದೇಶವೆಲ್ಲ ಲಾಕ್‌ಡೌನ್. ಆಮೇಲೆ ಅಂಗಡಿಗಳು ತೆರೆದಾಗ 10 ವರ್ಷದೊಳಗಿನ ಮಕ್ಕಳು ಮತ್ತು 65 ವರ್ಷ ದಾಟಿದ ಹಿರಿಯರು ಮನೆಯಲ್ಲೇ ಇರಬೇಕೆಂದು ಸರಕಾರ ಸಲಹೆ ನೀಡಿತು. ಹೀಗಾಗಿ ಮೊಮ್ಮಗು ಮತ್ತು ಅಜ್ಜಿ ಒಂದೇ ಕೋಣೆಯಲ್ಲಿ ಉಳಿದರು. ಮುಖ್ಯ ವಿಷಯ ಇರುವುದು ಇಲ್ಲಿಯೇ.

ಕೊರೊನಾ ಹೆಚ್ಚಿನ ಮಕ್ಕಳಿಗೆ ನೆಗಡಿ-ಜ್ವರದಂತೆ ಬಂದು ಹೋಯಿತು. ಕೆಲವು ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣಲಿಲ್ಲ. ಆದರೆ ಆಡಿಕೊಂಡಿರುವ ಮಗುವಿನಿಂದಲೂ ಸೋಂಕು ಹರಡಬಲ್ಲದು, ಮತ್ತು ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇದ್ದವರಿಗೆ ಅದೇ ಸೋಂಕು ಪ್ರಾಣಕ್ಕೆ ಬಂದದ್ದುಂಟು. ಆದ್ದರಿಂದ ಮಗುವನ್ನು ಪೇಟೆಗೆ ಒಯ್ಯಬೇಕೋ ಬೇಡವೋ ಎಂದು ಯೋಚಿಸುವಾಗ ಮಗುವನ್ನಷ್ಟೇ ನೋಡಿದರೆ ಸಾಲದು. ಮನೆಗೆ ಮರಳಿದ ಮೇಲೆ ಅದು ಯಾರ ತೊಡೆಯ ಮೇಲೆ ಮಲಗುತ್ತದೆ ಎಂಬುದನ್ನೂ ನೋಡಬೇಕು. ಬೆಳಿಗ್ಗೆ ಜನಜಂಗುಳಿಯಲ್ಲಿ ಸುತ್ತಿಸಿ ಮಧ್ಯಾಹ್ನ ಅಜ್ಜಿಯ ಹತ್ತಿರ ಮಲಗಿಸುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಗಟ್ಟಿಮುಟ್ಟಾಗಿರುವ ಚಿಕ್ಕಮ್ಮನೋ ಅತ್ತಿಗೆಯೋ ಇದ್ದರೆ ಮಗು ಅವರ ಹತ್ತಿರ ಇರಲಿ. ಅಕ್ಕಪಕ್ಕದ ಎರಡು ಮನೆಯವರು ಸರದಿಯ ಮೇಲೆ ಸಂತೆಗೆ ಹೋದರೂ ಆಗುತ್ತದೆ; ಒಬ್ಬರು ಇಬ್ಬರ ಸಾಮಾನನ್ನೂ ತರಬಹುದು.

ಒಯ್ಯಲೇಬೇಕಾದರೆ ಭಯ ಯಾವುದಕ್ಕೆ ಪಡಬೇಕು ಎಂಬುದನ್ನು ಸರಿಯಾಗಿ ತಿಳಿದಿರಬೇಕು. ಮೊದಲ ವರ್ಷ ಜನ ತರಕಾರಿಯನ್ನು ಸಾಬೂನಿನಲ್ಲಿ ತೊಳೆದರು, ಹಾಲಿನ ಪಾಕೀಟನ್ನು ಬಿಸಿಲಿಗೆ ಇಟ್ಟರು. (ತರಕಾರಿಗೆ ಸಾಬೂನು ಬೇಡವೇ ಬೇಡ, ನೀರು ಸಾಕು.) ಈ ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ, ಅದೂ ಗಾಳಿಯಾಡದ ಜಾಗದಲ್ಲಿ, ಎಂಬುದು ಈಗ ಸ್ಪಷ್ಟವಾಗಿದೆ. ಆದ್ದರಿಂದ ಬಯಲಿನ ಸಂತೆಗಿಂತ ಬಾಗಿಲು ಹಾಕಿದ ಎ.ಸಿ. ಬಟ್ಟೆ ಅಂಗಡಿಯಲ್ಲಿ ಅಪಾಯ ಹೆಚ್ಚು. ಕಿಟಕಿ ಮುಚ್ಚಿಕೊಂಡು ಜನ ತುಂಬಿದ ಟೆಂಪೊ ಕೂಡ ಅಂಥದ್ದೇ. ಮಳೆಗಾಲದಲ್ಲಿ ನಮ್ಮ ಕಡೆಯ ಬಸ್ಸುಗಳ ಗಾಜು ಇಳಿದೇ ಇರುತ್ತದೆ. ಹನಿ ಬಿದ್ದರೂ ಚಿಂತೆಯಿಲ್ಲ, ಸ್ವಲ್ಪ ತೆರೆದಿಡಿ. ಸಂತೆಯಲ್ಲಿ ಗುಂಪು ಸೇರುವ ಹೊತ್ತನ್ನು ತಪ್ಪಿಸಿ. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ದಿನಸಿ ಕೊಳ್ಳಲು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಇಂಥ ನಿಯಮವಿರುವಾಗ ಕೊನೆಯ ಗಂಟೆಯ ನೂಕುನುಗ್ಗಲಿಗೆ ಮಗುವಿನೊಂದಿಗೆ ಹೋಗಬಾರದು.

ಮಾಸ್ಕ್ ವಿಷಯದಲ್ಲಿ ತಾಯಂದಿರು ತಪ್ಪು ತಿಳಿಯುವುದುಂಟು. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡ ಎಂದು 2021ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ತಿಳಿಸಿತು. 2 ವರ್ಷದೊಳಗಿನ ಕೂಸಿಗಂತೂ ಕಟ್ಟಲೇಬಾರದು, ಉಸಿರು ಕಟ್ಟಿದರೆ ಅದು ತೆಗೆದುಕೊಳ್ಳಲಾರದು. ಕೂಸಿನ ಮುಖದ ಮೇಲೆ ಸೆರಗು ಮುಚ್ಚಿ ಒಯ್ಯುವುದೂ ಬೇಡ. 6ರಿಂದ 11 ವರ್ಷದವರು ದೊಡ್ಡವರ ಕಣ್ಣೆದುರು ಹಾಕಿಕೊಳ್ಳಬಹುದು. ಚಿಕ್ಕ ಮಗುವಿಗೆ ರಕ್ಷಣೆ ಎಂದರೆ ಎತ್ತಿಕೊಂಡವರ ಬಾಯಿ-ಮೂಗು ಮುಚ್ಚಿರುವುದು. 12 ವರ್ಷದೊಳಗಿನ ಮಕ್ಕಳನ್ನು ಸರಕಾರದ ಕೊರೊನಾ ಲಸಿಕೆ ಕಾರ್ಯಕ್ರಮದಲ್ಲಿ ಸೇರಿಸಿರಲಿಲ್ಲ ಎಂಬುದೂ ನೆನಪಿರಲಿ. ಮನೆಯ ದೊಡ್ಡವರು ಲಸಿಕೆ ಹಾಕಿಸಿಕೊಂಡದ್ದು ಮಕ್ಕಳಿಗೂ ಆಸರೆಯಾಯಿತು.

ಕೊಳ್ಳಬೇಕಾದ್ದನ್ನು ಮನೆಯಲ್ಲೇ ಚೀಟಿ ಬರೆದುಕೊಂಡು ಹೋದರೆ ಅರ್ಧ ಹೊತ್ತು ಉಳಿಯುತ್ತದೆ. ಮಗುವಿಗೆ ಮೊದಲೇ ಉಣಿಸಿ ಹೊರಡಿ. ಹಸಿದ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಚುರುಮುರಿ ಬೇಕೆಂದು ಹಟ ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ನಿಮ್ಮ ಕೈ, ಮಗುವಿನ ಕೈ ಸಾಬೂನಿನಿಂದ 20 ಸೆಕೆಂಡು ತೊಳೆಯಿರಿ. ಸ್ಯಾನಿಟೈಸರ್ ಬಾಟಲಿಯನ್ನು ಆಟಕ್ಕೆ ಕೊಡಬೇಡಿ. ಅದರಲ್ಲಿ ಮದ್ಯಸಾರವಿದೆ, ನೆಕ್ಕಿದರೆ ಅಥವಾ ಕುಡಿದರೆ ವಿಷ.

ಜ್ವರ, ಕೆಮ್ಮು ಇರುವ ಮಗುವನ್ನು ಯಾವ ಕಾಲದಲ್ಲಾದರೂ ಅಂಗಡಿಗೆ ಒಯ್ಯಬಾರದು. ಆದರೆ ಸಾಂಕ್ರಾಮಿಕ ರೋಗದ ಹೆದರಿಕೆಯಿಂದ ಲಸಿಕೆಯ ದಿನ ತಪ್ಪಿಸುವುದು ದೊಡ್ಡ ತಪ್ಪು. ದಡಾರದ ಚುಚ್ಚುಮದ್ದು 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಆಗಲೇಬೇಕು. ದಡಾರ ಕೊರೊನಾಕ್ಕಿಂತಲೂ ಬೇಗ ಹರಡುವ ರೋಗ. ಅದಕ್ಕೆ ಮಗುವನ್ನು ಕರೆದುಕೊಂಡು ಬನ್ನಿ. ಜೊತೆಗೆ ಚೆನ್ನಾಗಿರುವ ಅಣ್ಣ-ತಂಗಿಯರನ್ನು ತರಬೇಡಿ.

ಸಂತೆಯಿಂದ ಬಂದ ಕೆಲವು ದಿನಗಳಲ್ಲಿ ಮಗುವಿಗೆ ಜ್ವರ ಬಂದರೆ, ಅದು ಶಾಂತವಾಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿರಿ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಎದೆಗೂಡಿನ ಕೆಳಭಾಗ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಹಾಲು ನೀರು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯಾಗಿದ್ದರೂ 108ಕ್ಕೆ ಫೋನು ಮಾಡಿ ಹೊರಡಿ.