ಅಮ್ಮನ ಟೇಪಿನಲ್ಲಿ ನನ್ನ ಆಫೀಸು

2020ರ ಮಾರ್ಚ್‌ನಲ್ಲಿ ರೈಲುಗಳು ನಿಲ್ಲುವುದಕ್ಕೆ ನಾಲ್ಕೈದು ದಿನ ಮೊದಲು ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವಳು ನಾನು. ಕೈಯಲ್ಲಿ ಒಂದು ಬ್ಯಾಗು, ಹೆಗಲಲ್ಲಿ ಕಂಪನಿಯ ಲ್ಯಾಪ್‌ಟಾಪು. ‘ಹದಿನೈದು ದಿನ ಇದ್ದು ಬರ್ತೀನಿ’ ಅಂತ ರೂಮ್‌ಮೇಟ್‌ಗೆ ಹೇಳಿದ್ದೆ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ನಮ್ಮ ಟೀಮಿಗೆ ಕಂಪನಿ ಮನೆಯಿಂದಲೇ ಕೆಲಸ ಅಂದುಬಿಟ್ಟಿತು. ನನ್ನ ಆಫೀಸು ಟಿ.ಬಿ. ಡ್ಯಾಂನ ನಮ್ಮ ಮನೆಯ ಪಡಸಾಲೆಗೆ ಬಂತು.

ಮನೆ ಅಂದರೆ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಡ್ಯಾಮಿಗೆ ಆಟೊ ಓಡಿಸುತ್ತಾರೆ. ಅಮ್ಮ ಮನೆಯಲ್ಲೇ ಇರುತ್ತಾರೆ. ‘ಮನೆಯಲ್ಲೇ ಇರುತ್ತಾರೆ’ ಅನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ವಾಪಸ್ ಬರುತ್ತೇನೆ.

ಮೊದಲ ವಾರ ನನ್ನ ಆಫೀಸು ಮಂಚದ ಮೇಲಿತ್ತು. ಗೋಡೆಗೆ ದಿಂಬು, ತೊಡೆಯ ಮೇಲೆ ಲ್ಯಾಪ್‌ಟಾಪು. ಎರಡನೇ ವಾರ ಇಸ್ತ್ರಿ ಟೇಬಲ್ಲಿಗೆ ಬಡ್ತಿ. ಒಂದು ದಿನ ಮೀಟಿಂಗ್ ನಡುವೆ ಅದರ ಕಾಲು ಮಡಚಿಕೊಂಡು ನನ್ನ ಜೊತೆ ಇಡೀ ಆಫೀಸೇ ನೆಲಕ್ಕೆ ಬಂತು. ಆಗ ಅಪ್ಪ ಎಲ್ಲಿಂದಲೋ ಒಂದು ಹಳೇ ತೇಗದ ಟೇಬಲ್ ಆಟೊದಲ್ಲಿ ಹಾಕಿಕೊಂಡು ಬಂದರು. ಎಲ್ಲಿ ಇಡೋದು ಅನ್ನುವ ಪ್ರಶ್ನೆ ಬಂದಾಗ ಅಮ್ಮ ಒಂದೇ ಮಾತಿಗೆ ತೀರ್ಪು ಕೊಟ್ಟರು. ‘ಕಿಟಕಿ ಹತ್ರ ಇಡ್ರಿ. ಆಕಿ ಕಣ್ಣಿಗೆ ಬೆಳಕು ಬೇಕು.’

ಕಿಟಕಿ ಹತ್ತಿರ ಅದುವರೆಗೆ ಇದ್ದದ್ದು ಅಮ್ಮನ ಹೊಲಿಗೆ ಮಿಷನ್. ಅದು ಅಡುಗೆಮನೆ ಗೋಡೆಯ ಮೂಲೆಗೆ ಹೋಯಿತು. ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವಿಶೇಷ ಕಂಡಿದ್ದು ಮಿಷನ್ನಿನ ಸದ್ದು ಮಾತ್ರ. ಕಾಲ್ ಶುರುವಾಯಿತು ಅಂದರೆ ನಾನು ಕೈ ಎತ್ತಿ ಸನ್ನೆ ಮಾಡುತ್ತಿದ್ದೆ: ‘ಅಮ್ಮಾ, ಕಾಲ್ ಐತಿ, ಮಿಷನ್ ನಿಲ್ಸು!’ ಅಮ್ಮ ಪೆಡಲ್ ಮೇಲಿನ ಕಾಲು ತೆಗೆದು, ಬಟ್ಟೆ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ನನ್ನ ಕಾಲ್‌ಗಳು ದಿನಕ್ಕೆ ಎರಡು ಮೂರು ಗಂಟೆ.

ಕುತ್ತಿಗೆ ನೋವು ಯಾವಾಗ ಶುರುವಾಯಿತು ಅಂತ ಹೇಳಲಾರೆ. ಮೊದಲು ಸಂಜೆ ಮಾತ್ರ, ಆಮೇಲೆ ಮಧ್ಯಾಹ್ನದಿಂದಲೇ. ಆಮೇಲೆ ಬಲಗೈ ಬೆರಳು ಜೋಮು ಹಿಡಿಯತೊಡಗಿತು. ಬಾಮ್ ಹಚ್ಚಿಕೊಂಡು ಮಲಗುತ್ತಿದ್ದೆ, ಬೆಳಿಗ್ಗೆ ಮತ್ತೆ ಅದೇ ಟೇಬಲ್ಲು.

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದೇ ಒಂದು, ಆದರೆ ನದಿಯಂಚಿನ ಊರುಗಳಿಗೆಲ್ಲ ನಿದ್ದೆಯಿಲ್ಲ. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ ಸುಮಾರು ಒಂದು ವಾರ ಇಡೀ ಡ್ಯಾಂ ಕ್ಯಾಂಪಿನಲ್ಲಿ ಅದೇ ಮಾತು. ಅಪ್ಪ ಒಂದು ರಾತ್ರಿ ಊಟದ ಹೊತ್ತಿಗೆ, ‘1953ರಿಂದ ನೀರಿನ ಭಾರ ಹೊತ್ತ ಡ್ಯಾಮಿದು. ಆ ಚೈನು ಒಂದೇ ರಾತ್ರಿಗೆ ಸವದಿದ್ದೇನಲ್ಲ’ ಅಂದರು. ಆಮೇಲೆ ನಾನು ಕುತ್ತಿಗೆ ಒತ್ತಿಕೊಳ್ಳುತ್ತಿದ್ದುದನ್ನು ನೋಡಿ, ‘ನೀನೂ ಒಮ್ಮೆ ಡಾಕ್ಟರಿಗೆ ತೋರಿಸು’ ಅಂದರು.

ಡಾಕ್ಟರು ಕುತ್ತಿಗೆ ನೋಡುವ ಮೊದಲು ಕೇಳಿದ್ದು, ‘ಎಲ್ಲಿ ಕೂತು ಕೆಲಸ ಮಾಡ್ತೀಯಮ್ಮ? ಫೋಟೊ ಇದ್ದರೆ ತೋರಿಸು.’ ತೋರಿಸಿದೆ. ನಕ್ಕುಬಿಟ್ಟರು. ‘ಗುಳಿಗೆ ಬರೆದುಕೊಡ್ತೀನಿ. ಆದರೆ ಗುಳಿಗೆ ನುಂಗಬೇಕಾದದ್ದು ಈ ಟೇಬಲ್ಲು.’

ನಾನು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡೆ. ಮನೆಗೆ ಬಂದವಳೇ ಆನ್‌ಲೈನಿನಲ್ಲಿ ‘ಎರ್ಗೋನಾಮಿಕ್’ ಅಂತ ಬರೆದಿದ್ದ ಹನ್ನೆರಡು ಸಾವಿರದ ಕುರ್ಚಿ ತರಿಸಿದೆ. ಬಂತು, ಜೋಡಿಸಿದೆವು. ಕೂತೆ. ನನ್ನ ಎರಡೂ ಕಾಲು ಗಾಳಿಯಲ್ಲಿ! ನನ್ನ ಎತ್ತರ ಐದಡಿ ಒಂದಿಂಚು. ಕುರ್ಚಿಯನ್ನು ಎಷ್ಟು ತಗ್ಗಿಸಿದರೂ ಅದು ನನ್ನಷ್ಟು ತಗ್ಗಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, ‘ಸಿಂಹಾಸನ ಚಲೋ ಐತಿ, ರಾಣಿ ಸಣ್ಣಾಕಿ ಆದ್ಲು’ ಅಂದರು.

ಅವತ್ತು ರಾತ್ರಿ ಸಿಟ್ಟಿನಿಂದ ಓದಲು ಕೂತೆ. ಎರ್ಗೋನಾಮಿಕ್ಸ್ ಅನ್ನುವುದು ಕುರ್ಚಿಯ ಹೆಸರಲ್ಲ ಅಂತ ಗೊತ್ತಾಯಿತು. ಗ್ರೀಕಿನ ‘ಎರ್ಗಾನ್’ ಅಂದರೆ ಕೆಲಸ, ‘ನೋಮೋಸ್’ ಅಂದರೆ ನಿಯಮ. ಎರಡನ್ನೂ ಸೇರಿಸಿ 1857ರಲ್ಲೇ ಈ ಪದ ಬಳಸಿದವರು ಪೋಲೆಂಡಿನ ವೊಯ್ಚೆಕ್ ಯಾಸ್ತ್ರೆಂಬೊವ್‌ಸ್ಕಿ. ಅದರ ಸಾರ ಇಷ್ಟೇ: ಮನುಷ್ಯ ಕೆಲಸಕ್ಕೆ ತಕ್ಕಂತೆ ಬಗ್ಗಬಾರದು, ಕೆಲಸವನ್ನೇ ಮನುಷ್ಯನ ಮೈಗೆ ತಕ್ಕಂತೆ ಹೊಂದಿಸಬೇಕು. ಅಂದರೆ ರೆಡಿಮೇಡ್ ಅಲ್ಲ, ಅಳತೆ ಕೊಟ್ಟು ಹೊಲಿಸಿದ ಹಾಗೆ.

ಅಳತೆ ಅಂದಮೇಲೆ ಟೇಪು ಬೇಕಲ್ಲ. ಅಮ್ಮನ ಕೊರಳಲ್ಲಿ ಸದಾ ನೇತಾಡುವ ಟೇಪನ್ನೇ ಕೇಳಿದೆ. ಅಮ್ಮ ಟೇಪು ಕೊಡಲಿಲ್ಲ, ತಾವೇ ಬಂದರು. ‘ನಿಂದೇ ನೀನು ಅಳತಿ ತಗೊಂಡ್ರ ತಪ್ಪತೈತಿ. ನೆಟ್ಟಗ ಕುಂದ್ರು.’

ಅಳತೆ ಕೆಳಗಿನಿಂದ ಶುರುವಾಗಬೇಕು. ಪಾದ ನೆಲಕ್ಕೆ ಪೂರ್ತಿ ಊರಿದಾಗ ಮಂಡಿಯ ಹಿಂಭಾಗದವರೆಗೆ ನನಗೆ 15.5 ಇಂಚು. ಕುರ್ಚಿ ತಗ್ಗುತ್ತಿದ್ದುದು 18.5 ಇಂಚಿನವರೆಗೆ ಮಾತ್ರ. ವ್ಯತ್ಯಾಸ ಮೂರು ಇಂಚು. ಮಲಗಿಸಿಟ್ಟ ಇಟ್ಟಿಗೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ! ನಾಲ್ಕು ಇಟ್ಟಿಗೆಯನ್ನು ಹಳೇ ಚಾದರದಲ್ಲಿ ಸುತ್ತಿ ಕಾಲಿನ ಕೆಳಗಿಟ್ಟೆ. ತೊಡೆಯ ಹಿಂಭಾಗ ಒತ್ತುವುದು ಅವತ್ತೇ ನಿಂತಿತು.

ಆಮೇಲೆ ಮೊಣಕೈ. ಹೆಗಲು ಸಡಿಲ ಬಿಟ್ಟು ಕೈಯನ್ನು ಕಾಟಕೋನಕ್ಕೆ ಮಡಿಸಿದಾಗ ಮೊಣಕೈ ಎಲ್ಲಿರುತ್ತದೋ ಕೀಬೋರ್ಡೂ ಅಲ್ಲೇ ಇರಬೇಕು. ಆ ಕುರ್ಚಿಯಲ್ಲಿ ಕೂತಾಗ ನನ್ನ ಮೊಣಕೈ ನೆಲದಿಂದ 27 ಇಂಚು, ಟೇಬಲ್ 30 ಇಂಚು. ಅಂದರೆ ನಾಲ್ಕು ವರ್ಷ ನಾನು ಹೆಗಲನ್ನು ಮೂರು ಇಂಚು ಮೇಲೆತ್ತಿಕೊಂಡೇ ದುಡಿದಿದ್ದೆ. ನಮ್ಮ ಓಣಿಯ ಬಡಿಗೇರ ಅಣ್ಣ ಬಂದು ಮುನ್ನೂರು ರೂಪಾಯಿಗೆ ನಾಲ್ಕೂ ಕಾಲು ಮೂರು ಮೂರು ಇಂಚು ಕೊಯ್ದು ಕೊಟ್ಟರು.

ಕೊನೆಗೆ ಕಣ್ಣು. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು. ಲ್ಯಾಪ್‌ಟಾಪಿನ ಹುಟ್ಟು ದೋಷವೇ ಇಲ್ಲಿದೆ. ಸ್ಕ್ರೀನು, ಕೀಬೋರ್ಡು ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾಗಿಟ್ಟರೆ ಕುತ್ತಿಗೆ ಬಗ್ಗುತ್ತದೆ, ಕುತ್ತಿಗೆಗೆ ಸರಿಯಾಗಿಟ್ಟರೆ ಹೆಗಲು ಏರುತ್ತದೆ. ಪರಿಹಾರ ಒಂದೇ, ಕೀಬೋರ್ಡೂ ಮೌಸೂ ಬೇರೆ ತರಬೇಕು. ಎರಡಕ್ಕೂ ಸೇರಿ ಸಾವಿರದ ಇನ್ನೂರಾಯಿತು. ಲ್ಯಾಪ್‌ಟಾಪ್ ಎತ್ತರಿಸಲು ಸ್ಟ್ಯಾಂಡ್ ಕೊಳ್ಳಲಿಲ್ಲ. ಎಫ್‌ಡಿಎ ಪರೀಕ್ಷೆಗೆ ಅಂತ ತಂದು ಎರಡು ಸಲ ಫೇಲಾಗಿದ್ದ ನನ್ನ ಗೈಡುಗಳು ಕೊನೆಗೂ ನನ್ನನ್ನು ಒಂದು ಎತ್ತರಕ್ಕೆ ತಂದವು.

ಸೊಂಟಕ್ಕೆ ಉಪಾಯ ಹೇಳಿದ್ದು ಅಪ್ಪ. ದಿನಕ್ಕೆ ಹತ್ತು ಗಂಟೆ ಆಟೊ ಸೀಟಿನಲ್ಲಿ ಕೂರುವವರು ಟವೆಲ್ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳುತ್ತಾರೆ. ಬೆನ್ನಿನ ಕೆಳಭಾಗದ ಒಳಬಾಗು ಹಾಗೇ ಉಳಿಯಬೇಕು, ಅದಕ್ಕೆ ಆಸರೆ. ಹನ್ನೆರಡು ಸಾವಿರದ ಕುರ್ಚಿಯಲ್ಲೂ ನನಗೆ ಆಗಿಬಂದದ್ದು ಅಪ್ಪನ ಟವೆಲ್ಲೇ.

ಮುಂದಿನ ಭಾನುವಾರ ಹಂಪಿಗೆ ಹೋಗಿದ್ದೆ. ಲಕ್ಷ್ಮೀನರಸಿಂಹನನ್ನು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ! ಕೃಷ್ಣದೇವರಾಯನ ಕಾಲದ, 1528ರ, 6.7 ಮೀಟರ್ ಎತ್ತರದ ಮೂರ್ತಿ. ಈ ಸಲ ಕಣ್ಣಿಗೆ ಬಿದ್ದದ್ದು ಮಂಡಿಗಳನ್ನು ಸುತ್ತಿದ ಪಟ್ಟಿ. ಅದು ಯೋಗಪಟ್ಟ. ತುಂಬಾ ಹೊತ್ತು ಕೂರುವವರ ಮೈಗೆ ಅದು ಆಸರೆ. ಹಳ್ಳಿಯ ಕಟ್ಟೆ ಮೇಲೆ ಹಿರಿಯರು ಟವೆಲನ್ನು ಸೊಂಟಕ್ಕೂ ಮಂಡಿಗೂ ಸೇರಿಸಿ ಬಿಗಿದು ಕೂರುತ್ತಾರಲ್ಲ, ಅದೇ ಉಪಾಯ. ತಪಸ್ಸಿಗೆ ಕೂತ ದೇವರಿಗೂ ಬೆನ್ನಿಗೊಂದು ಆಸರೆ ಬೇಕು ಅಂತ ಆ ಶಿಲ್ಪಿಗೆ ಗೊತ್ತಿತ್ತು. ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ನನ್ನ ಕುತ್ತಿಗೆ ಸುಧಾರಿಸಿತು, ಬೆರಳಿನ ಜೋಮು ಕಡಿಮೆಯಾಯಿತು. ಆದರೆ ಒಂದು ಮಧ್ಯಾಹ್ನ ಕಾಲ್ ಬಂತು, ಎಂದಿನ ಹಾಗೆ ಕೈ ಎತ್ತಿದೆ. ಅಮ್ಮ ಪೆಡಲ್ ನಿಲ್ಲಿಸಿದರು. ಮಿಷನ್ ನಿಂತ ಆ ಹೊತ್ತಿನಲ್ಲಿ ಅವರು ಎಡಗೈಯಿಂದ ಬಲಹೆಗಲನ್ನು ಒತ್ತಿಕೊಂಡರು. ನಾನು ಒತ್ತಿಕೊಳ್ಳುತ್ತಿದ್ದ ಅದೇ ಜಾಗ.

ಕಾಲ್‌ನಲ್ಲಿ ಯಾರು ಏನು ಮಾತಾಡಿದರೋ ಕಿವಿಗೆ ಬೀಳಲಿಲ್ಲ. ನಾನು ಕಲಿತ ಕಣ್ಣಿನಿಂದ ಅಮ್ಮನ ಮೂಲೆಯನ್ನು ಮೊದಲ ಸಲ ನೋಡಿದೆ. ಪ್ಲಾಸ್ಟಿಕ್ ಸ್ಟೂಲು, ತಗ್ಗು. ಅದಕ್ಕೇ ಹೆಗಲು ಮೇಲೆ. ಟ್ಯೂಬ್‌ಲೈಟ್ ಬೆನ್ನ ಹಿಂದೆ. ಅದಕ್ಕೇ ಸೂಜಿಯ ಮೇಲೆ ಅವರದೇ ತಲೆಯ ನೆರಳು. ನೆರಳು ತಪ್ಪಿಸಿ ದಾರ ನೋಡಲು ಕುತ್ತಿಗೆ ಮತ್ತಷ್ಟು ಬಗ್ಗಿದೆ. ಕಪ್ಪು ಜಂಪರಿಗೆ ಕಪ್ಪು ದಾರ. ಯುಗಾದಿ, ಮದುವೆ ಸೀಸನ್ ಬಂತೆಂದರೆ ರಾತ್ರಿ ಹನ್ನೊಂದರವರೆಗೆ.

ಅಮ್ಮ ಇಪ್ಪತ್ತೆರಡು ವರ್ಷದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ನನ್ನ ಡಿಗ್ರಿಯ ಫೀಸು ಆ ಮಿಷನ್ನಿನಿಂದ ಬಂದದ್ದು. ಆದರೂ ಯಾರಾದರೂ ‘ಅಮ್ಮ ಏನ್ಮಾಡ್ತಾರೆ?’ ಅಂತ ಕೇಳಿದರೆ ನಾನು ಹೇಳುತ್ತಿದ್ದದ್ದು, ‘ಮನೆಯಲ್ಲೇ ಇರ್ತಾರೆ.’ ಮನೆಯಲ್ಲಿ ಕೂತು ದುಡಿಯುವವರ ಆರೋಗ್ಯ, ಸುರಕ್ಷತೆಯೂ ಮುಖ್ಯ ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಂದು ಒಪ್ಪಂದ ಮಾಡಿದೆ. ನಮ್ಮ ಮನೆಗೆ ಆ ತಿಳಿವಳಿಕೆ ಬಂದದ್ದು ನನ್ನ ಕುತ್ತಿಗೆ ನೋವಿನ ಮೂಲಕ. ಇಡೀ ಕ್ಯಾಂಪಿನ ಹೆಂಗಸರ ಅಳತೆ ಅಮ್ಮನ ನೋಟ್‌ಬುಕ್ಕಿನಲ್ಲಿದೆ. ಅಮ್ಮನ ಅಳತೆ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

‘ಅಮ್ಮಾ, ಟೇಪ್ ಕೊಡು. ಈ ಸಲ ನೀನು ಕುಂದ್ರು’ ಅಂದೆ.

‘ನಂಗ್ಯಾಕವ್ವಾ, ನಾನೇನು ಆಫೀಸಿಗೆ ಹೋಗಾಕಿನಾ?’

‘ನಾನೂ ಹೋಗಂಗಿಲ್ಲಲ್ಲ!’

ಬಡಿಗೇರ ಅಣ್ಣ ಮತ್ತೆ ಬಂದರು. ಅಮ್ಮನ ಮೊಣಕೈ ಮಿಷನ್ ಟೇಬಲ್ಲಿನ ಮಟ್ಟಕ್ಕೆ ಬರುವಂತೆ ಎರಡೂವರೆ ಇಂಚು ಎತ್ತರದ, ಮುಂದಕ್ಕೆ ತುಸು ಇಳಿಜಾರಾದ ಮರದ ಸ್ಟೂಲು ಮಾಡಿದರು. ಹೊಲಿಯುವವರು ಮುಂದಕ್ಕೆ ಬಾಗಲೇಬೇಕು. ಸೀಟೇ ಸ್ವಲ್ಪ ಬಾಗಿದ್ದರೆ ಬೆನ್ನು ಗೂನಾಗುವುದಿಲ್ಲ, ಇಡೀ ಮೈ ಸೊಂಟದಿಂದ ಬಾಗುತ್ತದೆ. ಖರ್ಚು ಎಂಟುನೂರು. ಅದರ ಮೇಲೊಂದು ಮೆತ್ತೆ, ಮೆತ್ತೆಗೆ ಸಂಡೂರಿನ ಲಂಬಾಣಿ ಕಸೂತಿಯ ಕವರು. ಅದನ್ನು ಕೈಗೆತ್ತಿಕೊಂಡು ಅಮ್ಮ ಹೊಲಿಗೆಗಳನ್ನು ಬೆರಳಿನಿಂದ ಎಣಿಸಿದರು. ‘ಇದನ್ನ ಹಾಕಿದಾಕಿ ಎಲ್ಲಿ ಕುಂತು ಹಾಕಿದ್ಲೋ ಏನೋ’ ಅಂದರು.

ಉಳಿದದ್ದು ಕಿಟಕಿ. ಇದೊಂದಕ್ಕೆ ಅಮ್ಮ ಒಪ್ಪಲೇ ಇಲ್ಲ. ‘ನಿಂದು ದೊಡ್ಡ ಕೆಲಸ, ಬೆಳಕು ನಿಂಗಿರ್ಲಿ.’ ನಾನು ಲ್ಯಾಪ್‌ಟಾಪ್ ತೋರಿಸಿ ಹೇಳಿದೆ, ‘ಇದು ತನ್ನ ಬೆಳಕು ತಾನೇ ತಂದುಕೊಂಡೈತಿ. ನಿನ್ನ ಸೂಜಿಗೆ ಬೆಳಕಿಲ್ಲ.’ ಅದು ಬರೀ ಮಾತಲ್ಲ. ಸ್ಕ್ರೀನಿನ ಹಿಂದೆ ಕಿಟಕಿ ಇದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದಿದ್ದರೆ ಸ್ಕ್ರೀನಿನಲ್ಲಿ ಹೊಳೆಯುತ್ತದೆ. ಕಿಟಕಿ ಪಕ್ಕಕ್ಕಿರಬೇಕು. ಹೊಲಿಯುವವರಿಗಾದರೆ ಎದುರಿಗೆ, ಎಡಕ್ಕೆ ಬೆಳಕು ಬೇಕು. ಬಲಗೈಯ ನೆರಳು ಆಗ ಸೂಜಿಯ ಮೇಲೆ ಬೀಳುವುದಿಲ್ಲ. ಮಿಷನ್ ಕಿಟಕಿಗೆ ವಾಪಸ್ ಹೋಯಿತು. ನನ್ನ ಟೇಬಲ್ ಅಡ್ಡ ಗೋಡೆಗೆ ತಿರುಗಿತು. ಇಬ್ಬರಿಗೂ ಒಂದೇ ಕಿಟಕಿ ಸಾಕಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿಗಿಂತ ದೂರ ನೋಡಬೇಕು ಅನ್ನುವ ಕಣ್ಣಿನ ನಿಯಮವನ್ನು ಈಗ ಇಬ್ಬರೂ ಸೇರಿ ಪಾಲಿಸುತ್ತೇವೆ. ಕಿಟಕಿಯಲ್ಲಿ ಗುಡ್ಡ ಕಾಣುತ್ತದೆ. ಅಮ್ಮ ಅದೇ ನೆಪದಲ್ಲಿ ಎದ್ದು ಚಹಾಕ್ಕೂ ಇಡುತ್ತಾರೆ.

ಸದ್ದಿಗೆ ಹೊರಗಿನ ಗದ್ದಲ ತಡೆಯುವ ಮೈಕಿನ ಹೆಡ್‌ಸೆಟ್ ತಂದೆ. ನಾನು ಮಾತಾಡದಿರುವಾಗ ಮ್ಯೂಟ್. ಇಷ್ಟು ಸುಲಭದ್ದನ್ನು ಬಿಟ್ಟು ನಾಲ್ಕು ವರ್ಷ ಅಮ್ಮನ ಕಾಲನ್ನೇ ಮ್ಯೂಟ್ ಮಾಡಿದ್ದೆ. ಎಷ್ಟು ಜಂಪರುಗಳು ತಡವಾದವು, ಎಷ್ಟು ರಾತ್ರಿ ಅದಕ್ಕಾಗಿ ಹನ್ನೊಂದಾಯಿತು, ಲೆಕ್ಕ ಇಟ್ಟಿಲ್ಲ.

ಮೊನ್ನೆ ಮೀಟಿಂಗಿನಲ್ಲಿ ನಾನು ಮಾತಾಡುವಾಗ ಮಿಷನ್ ಸದ್ದು ಸಣ್ಣಗೆ ಕೇಳಿಸಿತಂತೆ. ಮ್ಯಾನೇಜರ್ ‘ಹಿಂದೆ ಏನೋ ಸೌಂಡ್ ಬರ್ತಿದೆಯಲ್ಲ?’ ಅಂದರು. ಅಮ್ಮ ಗಾಬರಿಯಿಂದ ಕಾಲು ತೆಗೆದರು. ನಾನು ಬೇಡ ಅಂತ ತಲೆಯಾಡಿಸಿದೆ.

‘ನಮ್ಮಮ್ಮನ ಆಫೀಸು ಸರ್. ಈಗ ಮದುವೆ ಸೀಸನ್.’

ಮಿಷನ್ ಮತ್ತೆ ಶುರುವಾಯಿತು.