ಅಪರಿಚಿತರ ಕಿವಿಯಲ್ಲಿ ಕನ್ನಡ

ಹೊರದೇಶದ ರೈಲಿನಲ್ಲೋ ವಿಮಾನ ನಿಲ್ದಾಣದಲ್ಲೋ ಇಬ್ಬರು ಕನ್ನಡದಲ್ಲಿ ಮಾತನಾಡಿಕೊಳ್ಳುತ್ತಿದ್ದರೆ, ಪಕ್ಕದಲ್ಲಿ ಕುಳಿತ ಅಪರಿಚಿತನಿಗೆ ಅದು ಯಾವ ಭಾಷೆಯೆಂದು ತಿಳಿಯುವುದೆ? ಈ ಪ್ರಶ್ನೆಗೆ ಬರಿಯ ಊಹೆಯಿಂದ ಉತ್ತರಿಸಬೇಕಾದ ಅಗತ್ಯ ಈಗಿಲ್ಲ. 2013ರಲ್ಲಿ ಅಂತರ್ಜಾಲದಲ್ಲಿ ‘ಗ್ರೇಟ್ ಲ್ಯಾಂಗ್ವೇಜ್ ಗೇಮ್’ ಎಂಬ ಆಟವೊಂದು ಆರಂಭವಾಯಿತು. ಮಾತಿನ ಒಂದು ತುಣುಕನ್ನು ಕೇಳಿ, ಕೊಟ್ಟ ಹೆಸರುಗಳ ನಡುವಿನಿಂದ ಸರಿಯಾದ ಭಾಷೆಯನ್ನು ಆರಿಸುವುದಷ್ಟೇ ಆಟ. 78 ಭಾಷೆಗಳ ಬಗ್ಗೆ ಜಗತ್ತಿನ ನಾನಾ ಕಡೆಯವರು ನೀಡಿದ ಸುಮಾರು ಒಂದೂವರೆ ಕೋಟಿ ಉತ್ತರಗಳನ್ನು ಭಾಷಾವಿಜ್ಞಾನಿಗಳು ವಿಶ್ಲೇಷಿಸಿ 2017ರಲ್ಲಿ ಪ್ರಕಟಿಸಿದರು. ಅತ್ಯಂತ ಸುಲಭವಾಗಿ ಗುರುತಾದದ್ದು ಫ್ರೆಂಚ್. ಗುರುತು ಸಿಗದ ಭಾಷೆಗಳ ಸಾಲಿನ ತೀರ ತಳದಲ್ಲಿ, ಫಿಜಿಯನ್ ಮತ್ತು ಶೋನಾ ಭಾಷೆಗಳ ಜೊತೆಯಲ್ಲಿ, ಕನ್ನಡವಿತ್ತು.

ಇದನ್ನು ಓದಿ ಅಭಿಮಾನಕ್ಕೆ ಪೆಟ್ಟು ಬಿತ್ತೆಂದು ಕೋಪಿಸಿಕೊಳ್ಳುವುದು ಸುಲಭ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯಾಗಿ ಹೇಳಿಕೊಂಡವರು 4.37 ಕೋಟಿ. ಹೀಬ್ರೂ ಭಾಷೆಯನ್ನಾಡುವವರು ಒಂದು ಕೋಟಿಯ ಆಸುಪಾಸಿನವರಷ್ಟೇ. ಆದರೂ ಜಗತ್ತಿನ ವಿದ್ಯಾವಂತನಿಗೆ ಹೀಬ್ರೂ ಎಂಬ ಹೆಸರು ಪರಿಚಿತ; ‘ಕನ್ನಡ’ ಎಂದರೆ ಆತ ಕೆನಡಾ ದೇಶವನ್ನು ನೆನೆಯುತ್ತಾನೆ. ಇದರಲ್ಲಿ ಅಪಮಾನವೇನೂ ಇಲ್ಲ. ಕಿವಿ ತಾನು ಹಿಂದೆ ಕೇಳಿದ್ದನ್ನು ಮಾತ್ರ ಗುರುತಿಸುತ್ತದೆ. ಒಂದು ಭಾಷೆಯನ್ನು ಪರಕೀಯರು ಎಷ್ಟು ಬಾರಿ, ಯಾವ ಸಂದರ್ಭದಲ್ಲಿ ಕೇಳಿದ್ದಾರೆ ಎಂಬುದು ಮುಖ್ಯವೇ ಹೊರತು ಅದರ ಪ್ರಾಚೀನತೆಯಾಗಲಿ ಅದಕ್ಕೆ ಸಂದ ಪ್ರಶಸ್ತಿಗಳ ಸಂಖ್ಯೆಯಾಗಲಿ ಇಲ್ಲಿ ನೆರವಿಗೆ ಬಾರವು.

ಪರಕೀಯರ ಕಿವಿಗೆ ಕನ್ನಡ ಬಿದ್ದ ಕಥೆಯೇನೂ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಕ್ರಿ.ಶ. 2ನೆಯ ಶತಮಾನದ್ದೆನ್ನಲಾದ ಈ ಪ್ರಹಸನದಲ್ಲಿ ಚರಿತಿಯೋನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯ ರಾಜನೊಬ್ಬನ ವಶದಲ್ಲಿರುತ್ತಾಳೆ; ರಾಜನೂ ಅವನ ಪರಿವಾರದವರೂ ಗ್ರೀಕ್ ಅಲ್ಲದ ಭಾಷೆಯಲ್ಲಿ ಮಾತನಾಡುತ್ತಾರೆ. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದ ಹುಲ್ಟ್ಜ್ ಅವರು 1904ರಲ್ಲಿ ಅದರ ಕೆಲವು ಮಾತುಗಳು ಕನ್ನಡವೆಂದು ವಾದಿಸಿದರು. ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದೇ ಜಾಡಿನಲ್ಲಿ ನಡೆದರು. ಬಾರ್ನೆಟ್‌ರಂಥ ವಿದ್ವಾಂಸರು ಒಪ್ಪಲಿಲ್ಲ. ಮುಂದೆ ಅದು ತುಳು ಎಂಬ ವಾದವೂ ಬಂದಿತು. ವಿವಾದ ಇನ್ನೂ ಬಗೆಹರಿದಿಲ್ಲ. ಆ ಪ್ರಹಸನದ ಪ್ರೇಕ್ಷಕನಿಗಾದರೋ ಅದು ಕನ್ನಡವೋ ತುಳುವೋ ಎಂಬುದು ಬೇಕಿರಲಿಲ್ಲ. ಅರ್ಥವಾಗದ ಮಾತು ಎಂದಷ್ಟೇ ತಿಳಿದು ಅವನು ನಕ್ಕಿರಬೇಕು.

ಹತ್ತಿರ ಬಂದು ನೆಲೆಸಿದ ಪರಕೀಯರೂ ಹೆಸರಿನಲ್ಲಿ ಗೊಂದಲ ಮಾಡಿದರು. ಗೋವೆಯಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ವ್ಯಾಕರಣದ ಶೀರ್ಷಿಕೆಯಲ್ಲಿ ‘ಕನಾರಿಂ’ ಭಾಷೆ ಎಂದಿದೆ. ಪುಸ್ತಕ ತೆರೆದರೆ ಸಿಗುವುದು ಕೊಂಕಣಿಯ ವ್ಯಾಕರಣ.

ಹಾಗಾದರೆ ಕನ್ನಡವನ್ನು ಕೇಳಿದೊಡನೆ ಗುರುತಿಸುವವರು ಯಾರು? ನನ್ನ ಹುಟ್ಟೂರು ಬಳ್ಳಾರಿಯ ಸೆರಗಿನಲ್ಲಿರುವ ಹಲಕುಂದಿ. ಆಂಧ್ರದ ಗಡಿ ದೂರವಿಲ್ಲ. ಅಲ್ಲಿಯ ಅನಕ್ಷರಸ್ಥ ಮುದುಕಿಯೊಬ್ಬಳು ಸಂತೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದರೂ ಹಿಂದೆ ನಿಂತವನ ಮಾತು ತೆಲುಗೋ ಕನ್ನಡವೋ ಎಂಬುದನ್ನು ಮೊದಲ ಪದದಲ್ಲೇ ಹೇಳಬಲ್ಲಳು; ಕನ್ನಡವಾದರೆ ಆಡಿದವನ ಮನೆಮಾತು ಬೇರೆಯೇ ಎಂಬುದನ್ನೂ ಹೇಳಬಲ್ಲಳು. ದೆಹಲಿಯವನಿಗೆ ಈ ಎರಡೂ ಒಂದೇ. ಎರಡರಲ್ಲೂ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ತೆಲುಗನ್ನು ಯುರೋಪಿಯನ್ನರು ‘ಪೂರ್ವದ ಇಟಾಲಿಯನ್’ ಎಂದು ಕರೆದದ್ದು ಈ ಕಾರಣಕ್ಕೆ. ಭೇದ ತಿಳಿಸುವ ಸುಳಿವುಗಳು ಬಹಳ ಸಣ್ಣವು. ಹಳಗನ್ನಡದ ಪದಾದಿಯ ‘ಪ’ಕಾರ ಕ್ರಮೇಣ ‘ಹ’ಕಾರವಾಯಿತು, ತೆಲುಗು, ತಮಿಳುಗಳಲ್ಲಿ ಹಾಗಾಗಲಿಲ್ಲ. ನಮ್ಮ ಹಾಲು ಗಡಿಯಾಚೆ ಪಾಲು, ಹುಲಿ ಪುಲಿ, ಹೂವು ಪುವ್ವು. ಇತ್ತ ತೆಲುಗು ತನ್ನ ‘ಕ’ಕಾರವನ್ನು ಇ, ಎ ಸ್ವರಗಳ ಮುಂದೆ ‘ಚ’ಕಾರ ಮಾಡಿಕೊಂಡಿತು, ಕನ್ನಡ ಹಳೆಯದನ್ನೇ ಉಳಿಸಿಕೊಂಡಿತು: ಕಿವಿ, ಚೆವಿ, ಕೆರೆ, ಚೆರುವು, ಕೈ, ಚೆಯ್ಯಿ. ಗಡಿನಾಡಿನ ಮಗು ಈ ಸೂತ್ರಗಳನ್ನು ಯಾವ ಶಾಲೆಯಲ್ಲೂ ಕಲಿಯುವುದಿಲ್ಲ, ಆದರೆ ಅದರ ಕಿವಿಗೆ ಅವು ಗೊತ್ತು. (ಮೈಸೂರಿನ ಮಿತ್ರರೊಬ್ಬರು ನನ್ನ ಕನ್ನಡವನ್ನೇ ‘ಅರೆ ತೆಲುಗು’ ಎನ್ನುತ್ತಿದ್ದರು. ಅವರ ಕಿವಿಗೆ ತೆಲುಗಿನ ಪರಿಚಯ ಸಾಲದು ಎಂಬುದೇ ನನ್ನ ಉತ್ತರವಾಗಿತ್ತು.)

ಬಳ್ಳಾರಿಯಲ್ಲಿ ಈ ಗುರುತು ಮನರಂಜನೆಯ ಸಂಗತಿಯಾಗಿರಲಿಲ್ಲ. 1823ರಲ್ಲಿ ಇಲ್ಲಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್, ಜಿಲ್ಲೆಯ ನಾಡಶಾಲೆಗಳ ಬಗ್ಗೆ ಮದರಾಸಿಗೆ ವರದಿ ಕಳುಹಿಸಿದರು. ಒಟ್ಟು 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ತೆಲುಗು ವ್ಯಾಕರಣವೊಂದನ್ನು 1816ರಲ್ಲೇ ಬರೆದಿದ್ದ ಅಧಿಕಾರಿ ಆತ. ಎರಡನ್ನೂ ಬೇರೆ ಬೇರೆ ಎಣಿಸುವ ತಿಳಿವಳಿಕೆ ಇತ್ತು. ಅಂದಿನ ಜಿಲ್ಲೆ ಇಂದಿಗಿಂತ ಬಹು ವಿಶಾಲವಾಗಿತ್ತೆಂಬುದನ್ನು ಮರೆಯಬಾರದು. ನೂರ ಮೂವತ್ತು ವರ್ಷಗಳ ಅನಂತರ, 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಇದೇ ಲೆಕ್ಕ ಮತ್ತೆ ಎದ್ದಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಎರಡು ಭಾಷೆಗಳೂ ಹೆಣೆದುಕೊಂಡಿದ್ದ ಬಳ್ಳಾರಿ ತಾಲ್ಲೂಕಿಗೆ ಮಾತ್ರ ನ್ಯಾಯಮೂರ್ತಿ ಮಿಶ್ರಾ ಅವರಿಂದ ಪ್ರತ್ಯೇಕ ವಿಚಾರಣೆಯೇ ನಡೆಯಬೇಕಾಯಿತು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಆಡುವ ಕುಟುಂಬವನ್ನು ಯಾವ ಕಾಲಂನಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಗುತ್ತದೆ, ಊರಿನಲ್ಲಿ ಸಿಗುವುದಿಲ್ಲ. ಕಂದಾಯ ಇಲಾಖೆಯಲ್ಲಿ ಸವೆದ ನನ್ನಂಥವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಕಿವಿ ಪಳಗುವುದಕ್ಕೆ ನೆರೆಹೊರೆಯೊಂದೇ ದಾರಿಯಲ್ಲ, ವ್ಯಾಪಾರವೂ ದಾರಿ. ಇದಕ್ಕೆ ಹಂಪಿಗಿಂತ ಒಳ್ಳೆಯ ನಿದರ್ಶನವಿಲ್ಲ. ತುಂಗಭದ್ರೆಯ ಆಚೆ ದಡದ ವಿರುಪಾಪುರ ಗಡ್ಡೆಯಲ್ಲಿ, ಕಡ್ಡಾಯ ಸೈನಿಕ ಸೇವೆ ಮುಗಿಸಿದ ಇಸ್ರೇಲಿ ಯುವಕರು ತಿಂಗಳುಗಟ್ಟಲೆ ತಂಗುತ್ತಿದ್ದರು. ಅಲ್ಲಿಯ ಉಪಾಹಾರಗೃಹಗಳ ಫಲಕಗಳಲ್ಲಿ ಹೀಬ್ರೂ ಅಕ್ಷರಗಳಿದ್ದವು. ಸುಪ್ರೀಂ ಕೋರ್ಟಿನ ಆದೇಶದಂತೆ 2020ರಲ್ಲಿ ಅಲ್ಲಿಯ ಅನಧಿಕೃತ ಕಟ್ಟಡಗಳು ನೆಲಸಮವಾಗುವವರೆಗೂ, ಶಾಲೆ ಬಿಟ್ಟ ಹುಡುಗರು ಗಿರಾಕಿಯ ಒಂದು ಮಾತು ಕೇಳಿ, ಇದು ಫ್ರೆಂಚ್, ಇದು ಹೀಬ್ರೂ ಎಂದು ವಿಂಗಡಿಸುವುದನ್ನು ನಾನು ಕಂಡಿದ್ದೇನೆ. ಅರಬ್ಬಿಯನ್ನೂ ಹೀಬ್ರೂವನ್ನೂ ಒಂದೆಂದು ತಿಳಿಯುವ ಅನೇಕ ಪದವೀಧರರಿಗಿಂತ ಆ ಹುಡುಗರು ಈ ವಿಷಯದಲ್ಲಿ ಮುಂದಿದ್ದರು. ಅವರಿಗೆ ಕಲಿಸಿದವರು ಯಾರು? ಇಸ್ರೇಲಿಗಳು ತಮ್ಮತಮ್ಮಲ್ಲಿ, ಪರರ ನಡುವೆ, ಗಟ್ಟಿಯಾಗಿ ತಮ್ಮ ಭಾಷೆಯನ್ನೇ ಆಡುತ್ತಿದ್ದರು, ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಪ್ರಾರ್ಥನೆ ಮತ್ತು ಗ್ರಂಥಗಳಲ್ಲೇ ಹೆಚ್ಚಾಗಿ ಉಳಿದಿದ್ದ ಆ ಭಾಷೆಯನ್ನು ಮನೆಯ ಮಾತನ್ನಾಗಿ ಮಾಡಲು ಹಟ ಹಿಡಿದವರು ಎಲಿಯೇಜರ್ ಬೆನ್ ಯೆಹೂದಾ. ಅವರ ಮಗ 1882ರಲ್ಲಿ ಹುಟ್ಟಿದಾಗ ಮನೆಯಲ್ಲಿ ಬೇರೆ ಭಾಷೆ ಬೀಳದಂತೆ ಕಾವಲಿತ್ತು. ಅಂಥ ಕಾವಲನ್ನು ಮೆಚ್ಚುವುದು ನನಗೆ ಕಷ್ಟ, ಮಗುವಿನ ಪಾಡೇನಾಗಿತ್ತೋ ಎನಿಸುತ್ತದೆ. ಆದರೆ ಫಲವಂತೂ ಹಂಪಿಯ ದಡದವರೆಗೆ ಕೇಳಿಸಿತು.

ನಮ್ಮ ರೂಢಿ ಇದಕ್ಕೆ ತದ್ವಿರುದ್ಧ. ಎದುರಿಗಿರುವವನು ಪರಭಾಷಿಕನೆಂಬ ಸಂಶಯ ಬಂದರೂ ಸಾಕು, ಬೆಂಗಳೂರಿನ ಅಂಗಡಿಯವನು ತಾನೇ ಮೊದಲು ಹಿಂದಿಗೋ ತಮಿಳಿಗೋ ಹೊರಳುತ್ತಾನೆ. ಬಳ್ಳಾರಿಯಲ್ಲಿ ತೆಲುಗಿಗೆ ಹೊರಳುತ್ತಾನೆ. ಇದು ಸೌಜನ್ಯ, ವ್ಯಾಪಾರಕ್ಕೂ ಲಾಭ, ಅದನ್ನು ದೂಷಿಸಲಾರೆ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಲಾಭ ಆಡುವವನಿಗೆ ಅಂದಂದಿಗೇ ಸಿಗುತ್ತದೆ, ನಷ್ಟ ಎಲ್ಲ ಕನ್ನಡಿಗರ ಮೇಲೆ ಕೊಂಚ ಕೊಂಚವಾಗಿ ಹಂಚಿಹೋಗುತ್ತದೆ. ಆದ್ದರಿಂದ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ಹತ್ತು ವರ್ಷ ಇಲ್ಲೇ ಬದುಕಿದವನು ಕೂಡ ಕನ್ನಡದ ಲಯವನ್ನು ಕೇಳದೆಯೇ ಉಳಿಯಬಹುದು. ಕಲಿಯುವುದು ಆಮೇಲಿನ ಮಾತು. ಮೊದಲು ಅವನಿಗೆ ಅದು ಕನ್ನಡವೆಂದಾದರೂ ಕೇಳಿಸಬೇಡವೆ?

ಹೊರದೇಶದ ಸ್ಥಿತಿಯೂ ಭಿನ್ನವಲ್ಲ. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿತು. ಸಾವಿರಾರು ಜನ ಸೇರುವ ಇಂಥ ಸಮ್ಮೇಳನಗಳ ಪ್ರಯೋಜನ ದೊಡ್ಡದು, ಆದರೆ ಅಲ್ಲಿಯ ಕನ್ನಡವನ್ನು ಕೇಳುವವರು ಕನ್ನಡಿಗರೇ. ನನ್ನ ಪರಿಚಯದ ಕುಟುಂಬಗಳಲ್ಲಿ ನಾನು ಗಮನಿಸಿದ್ದು ಬೇರೆ. ಮನೆಯೊಳಗೆ ಮಕ್ಕಳೊಡನೆ ಸೊಗಸಾಗಿ ಕನ್ನಡವಾಡುವ ತಂದೆತಾಯಿಗಳು ಅಂಗಡಿಯ ಬಾಗಿಲು ದಾಟಿದೊಡನೆ ಇಂಗ್ಲಿಷಿಗೆ ತಿರುಗುತ್ತಾರೆ. ಒಂದು ಮನೆಯಲ್ಲಿ ಕಾರಣ ಕೇಳಿದೆ. “ಸುತ್ತಲಿನವರು ಏನಂದುಕೊಳ್ಳುತ್ತಾರೋ ಎಂದು” ಎಂಬುದು ತಾಯಿಯ ಉತ್ತರ. ಏಳು ವರ್ಷದ ಮಗಳು ನಡುವೆ ಬಾಯಿ ಹಾಕಿ, ತನ್ನ ತರಗತಿಯ ಮೆಕ್ಸಿಕೋ ಹುಡುಗಿಯ ಅಮ್ಮ ಎಲ್ಲರೆದುರೂ ಸ್ಪ್ಯಾನಿಷ್ ಮಾತನಾಡುತ್ತಾಳೆ, ತನಗೆ ಈಗ ಅದರಲ್ಲಿ ಹತ್ತರವರೆಗೆ ಎಣಿಸಲು ಬರುತ್ತದೆ ಎಂದಳು. ಎಣಿಸಿಯೂ ತೋರಿಸಿದಳು.