ಸೌದಿಯಲ್ಲಿ ಬಿಸಿಲು ಮಾತ್ರವಲ್ಲ, ಚಳಿಯೂ ಉಂಟು, ನೆರೆಯೂ ಉಂಟು

ನಮ್ಮ ಬ್ಯಾರಿ ಮನೆಗಳಲ್ಲಿ ಸೌದಿಯ ಹೆಸರು ಕೇಳದ ದಿನ ಕಡಿಮೆ. ಒಬ್ಬರ ಮಗ ಜುಬೈಲ್‌ನಲ್ಲಿ, ಇನ್ನೊಬ್ಬರ ಅಳಿಯ ರಿಯಾದ್‌ನಲ್ಲಿ, ಮತ್ತೊಬ್ಬರ ಉಮ್ಮ ಹಜ್ಜ್‌ಗೆ ಹೆಸರು ಕೊಟ್ಟು ಕಾಯ್ತಿದ್ದಾರೆ. ಆದರೆ ಅಲ್ಲಿಯ ಹವೆ ಹೇಗೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ, "ಭಯಂಕರ ಬಿಸಿಲು". ಅಷ್ಟು ತಿಳಿದರೆ ಸಾಲದು.

ಎರಡು ಬಗೆಯ ಸೆಕೆ

ಬೇಸಿಗೆ ಮೇಯಿಂದ ಸೆಪ್ಟೆಂಬರ್‌ವರೆಗೆ. ರಿಯಾದ್ ಸಮುದ್ರದಿಂದ ದೂರ, ಅಲ್ಲಿ 43-45 ಡಿಗ್ರಿ ಮಾಮೂಲು. ಗಾಳಿ ಒಣ. ಬೆವರು ಬಂದ ಕೂಡಲೇ ಆರಿ ಹೋಗ್ತದೆ. ಬೆವರೇ ಇಲ್ಲವಲ್ಲ ಅಂತ ನೀರು ಕುಡಿಯದವರಿಗೆ ತಲೆನೋವು, ಉರಿಮೂತ್ರ ಶುರುವಾಗ್ತದೆ.

ದಮ್ಮಾಮ್, ಜುಬೈಲ್, ಜಿದ್ದಾ ಕಡಲ ಬದಿಯ ಊರುಗಳು. ಅಲ್ಲಿ ನಮ್ಮ ಮೇ ತಿಂಗಳ ಹಾಗೆ ಮೈ ಅಂಟುತ್ತದೆ, ಆದರೆ ಇನ್ನೂ ಜೋರು. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರುವುದಿಲ್ಲ. 2003ರ ಜುಲೈ 8ರಂದು ದಮ್ಮಾಮ್ ಪಕ್ಕದ ದಹ್ರಾನ್‌ನಲ್ಲಿ ಉಷ್ಣಾಂಶ 42 ಡಿಗ್ರಿ ಇತ್ತು. ತೇವದಿಂದಾಗಿ ಮೈಗೆ ತಟ್ಟಿದ ಸೆಕೆ ಲೆಕ್ಕದಲ್ಲಿ 81 ಡಿಗ್ರಿ! ಜೂನ್-ಜುಲೈಯಲ್ಲಿ 'ಶಮಾಲ್' ಎಂಬ ವಾಯವ್ಯದ ಗಾಳಿ ಧೂಳು ಎಬ್ಬಿಸುತ್ತದೆ. ದಮ್ಮು ಇರುವವರು ಔಷಧಿ ಜೊತೆಗೇ ಇಟ್ಟುಕೊಳ್ಳಬೇಕು.

ಮೊದಲ ಎರಡು ವಾರ

ಊರಿನಿಂದ ಹೊಸದಾಗಿ ಹೋದ ಹುಡುಗನ ದೇಹ ಈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಅಪಾಯ ಹೆಚ್ಚು ಇರುವುದು ಆಗಲೇ. ಮೊದಲ ದಿನವೇ ಹಳಬರ ಸಮಕ್ಕೆ ದುಡಿಯಲು ಹೋಗಬಾರದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಸೌದಿಯ ನಿಯಮ. ಮಾಡಿಸಿದರೆ ಕಾರ್ಮಿಕ ಇಲಾಖೆಯ 19911 ನಂಬರಿಗೆ ದೂರು ಕೊಡಬಹುದು. ಜೊತೆಗಿದ್ದವನ ಮೈ ಬೆಂಕಿಯ ಹಾಗೆ ಸುಟ್ಟು, ಮಾತು ತಡವರಿಸಿದರೆ ಅದು ಬರೀ ಸುಸ್ತು ಅಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಮಳೆ ಮತ್ತು ಚಳಿ

ಆಗಸ್ಟ್ ಕೊನೆಗೆ 'ಸುಹೈಲ್' ನಕ್ಷತ್ರ ಕಂಡರೆ ಸೆಕೆ ಇಳಿಯತೊಡಗಿತು ಅಂತ ಅರಬರ ಲೆಕ್ಕ. ಅಕ್ಟೋಬರ್ ಮಧ್ಯದಿಂದ 'ವಸ್ಮ್' ಮಳೆಯ ಕಾಲ. ರಿಯಾದ್‌ಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 100 ಮಿ.ಮೀ. ಮಂಗಳೂರಿನಲ್ಲಿ ಆಟಿಯ ಒಂದು ಜೋರು ಮಳೆಗೆ ಅಷ್ಟು ಬೀಳ್ತದೆ. ಆದರೆ ಅಲ್ಲಿಯ ಗಟ್ಟಿ ನೆಲ ನೀರು ಕುಡಿಯುವುದಿಲ್ಲ. 2009ರ ನವೆಂಬರ್ 25ರಂದು ಜಿದ್ದಾದಲ್ಲಿ ನಾಲ್ಕು ಗಂಟೆಯಲ್ಲಿ ಸುಮಾರು 90 ಮಿ.ಮೀ. ಮಳೆ ಸುರಿದು, ನೂರಕ್ಕೂ ಹೆಚ್ಚು ಜನ ನೆರೆಗೆ ಬಲಿಯಾದರು. ಮೋಡ ಕಟ್ಟಿದಾಗ 'ವಾದಿ' ಎಂಬ ಒಣ ಹಳ್ಳಗಳಲ್ಲಿ ಗಾಡಿ ನಿಲ್ಲಿಸುವುದು, ಅದನ್ನು ದಾಟುವುದು ಬೇಡವೇ ಬೇಡ.

ಡಿಸೆಂಬರ್‌ನಿಂದ ಫೆಬ್ರವರಿ ಚಳಿ. ರಿಯಾದ್‌ನ ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಉತ್ತರದ ತಬೂಕ್, ತುರೈಫ್ ಕಡೆ ಸೊನ್ನೆಗೂ ಕೆಳಗೆ, ಕೆಲವೊಮ್ಮೆ ಹಿಮವೂ ಬೀಳುತ್ತದೆ. ಗಲ್ಫ್ ಅಂತ ಬರೀ ತೆಳು ಅಂಗಿ ತುಂಬಿಸಿ ಕಳಿಸಬೇಡಿ, ಒಂದು ಸ್ವೆಟರ್ ಇರಲಿ.

ಹಜ್ಜ್‌ನ ಕಾಲ

2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣಾಂಶ 51.8 ಡಿಗ್ರಿ ಮುಟ್ಟಿತ್ತು. ಸಾವಿರದ ಮುನ್ನೂರು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಪರ್ಮಿಟ್ ಇಲ್ಲದೆ, ತಂಪು ಟೆಂಟು-ಬಸ್ಸುಗಳ ಸೌಲಭ್ಯವಿಲ್ಲದೆ ಬಿಸಿಲಲ್ಲಿ ನಡೆದವರು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ ಕಾರಣ ಹಜ್ಜ್ ವರ್ಷವರ್ಷ ಹಿಂದೆ ಸರಿಯುತ್ತದೆ. 2030ರಲ್ಲಿ ಎಪ್ರಿಲ್ ಮಧ್ಯಕ್ಕೆ, 2035ರಲ್ಲಿ ಫೆಬ್ರವರಿಗೆ ಬರಲಿದೆ. ಹಾಗಂತ ಮಕ್ಕಾದ ಎಪ್ರಿಲ್ ತಂಪಲ್ಲ. ಪ್ರಾಯದವರಿಗೆ ಕೊಡೆ, ನೀರು, ಉಪ್ಪು-ಸಕ್ಕರೆಯ ಪುಡಿ ಬೇಕೇ ಬೇಕು.

ಇನ್ನು ಮಕ್ಕಳು ಅಲ್ಲಿಂದ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳುವುದರ ಜೊತೆ "ನೀರು ಕುಡಿದೆಯಾ, ಮಧ್ಯಾಹ್ನ ಕೆಲಸ ನಿಲ್ಲಿಸ್ತಾರಾ" ಅಂತಲೂ ಕೇಳಿ.